ಹಿಡಿಸೂಡಿ ಯಾರ ಕೈಗೆ ಅಂತ ಟಿಕ್ ಹಾಕಿದ್ದು ಯಾರು?



ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತು ಮಾಡಿ ಓದಿ. ಬೈಯುವವರು ಪೂರ್ತಿ ಓದಿಯೇ ಬೈಯಿರಿ, ಅಷ್ಟು ಉಪಕಾರ ಮಾಡಿ.

ನನ್ನ ವಾಲ್‌ಗೆ ಬರುವವರಿಗೆ ಗೊತ್ತುಂಟು, ನಾನು ಬರೆಯುವುದು ಹೆಚ್ಚಾಗಿ ಡಿಸಿ ಮನ್ನಾ ಜಾಗದ ಬಗ್ಗೆ. ಇಲ್ಲದಿದ್ದರೆ ಕಾಲೊನಿ ರಸ್ತೆ, ಕುಡಿಯುವ ನೀರು, ಸ್ಮಶಾನ. ಇವತ್ತು ಕಂಪ್ಯೂಟರ್ ಪಾಠದ ಬಗ್ಗೆ ಬರೀತಾ ಇದ್ದೇನೆ. "ಇವನಿಗೆಂತ ಆಯ್ತು ಮಾರಾಯ್ರೆ" ಅಂತ ಕೆಲವರಿಗೆ ಅನ್ನಿಸಬಹುದು. ವಿಷಯ ಎರಡೂ ಒಂದೇ ಅಂತ ನನಗೆ ಈಗ ಅನ್ನಿಸ್ತಾ ಉಂಟು. ಹೇಗೆ ಅಂತ ಹೇಳ್ತೇನೆ.

ನನ್ನ ತಂಗಿಯ ಮಗಳು ಕಡಬ ತಾಲೂಕಿನ ಒಂದು ಸರಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ಶಾಲೆಯ ಹೆಸರು ಬೇಡ, ಆ ಟೀಚರು ಒಳ್ಳೆಯವರು, ಅವರಿಗೆ ತೊಂದರೆ ಆಗಬಾರದು. ಶಾಲೆಗೆ ದಾನಿಗಳ ಕಡೆಯಿಂದ ದೊಡ್ಡದೊಂದು ಟಚ್ ಸ್ಕ್ರೀನ್ ಟಿವಿ ಬಂತು. ಅದರ ಜೊತೆಗೆ ಒಂದು ಕಂಪನಿಯ ಪಾಠದ ಪ್ಯಾಕೇಜ್. ಉದ್ಘಾಟನೆ, ಹಾರ, ತುರಾಯಿ, ಶಾಲು ಎಲ್ಲಾ ಆಯ್ತು. ನಾನೂ ಹೋಗಿ ಚಪ್ಪಾಳೆ ತಟ್ಟಿ ಚಾ ಕುಡಿದು ಬಂದವನೇ.

ಮುಂದಿನ ವಾರ ಮಗು ಮನೆಗೆ ಬಂದು ಮಾತಾಡಲಿಲ್ಲ. ಊಟ ಮಾಡಲಿಲ್ಲ. ನಾನು ಅವಳಿಗೆ ತಮ್ಮಲೆ, ನನ್ನ ಹತ್ರ ಸ್ವಲ್ಪ ಸಲುಗೆ ಹೆಚ್ಚು. ಮೆಲ್ಲ ಕೇಳಿದಾಗ ಹೇಳಿದಳು.

ಪಾಠ "ನಮ್ಮ ಸಹಾಯಕರು". ಪರದೆಯ ಎಡಗಡೆ ಐದು ವಸ್ತು: ಡಾಕ್ಟ್ರ ಸ್ಟೆತಸ್ಕೋಪು, ಚಾಕ್‌ಪೀಸು, ಕತ್ತರಿ, ನೇಗಿಲು, ಪೊರಕೆ. ಬಲಗಡೆ ಐದು ಜನ. ವಸ್ತುವನ್ನು ಬೆರಳಲ್ಲಿ ಎಳೆದುಕೊಂಡು ಹೋಗಿ ಸರಿಯಾದ ಜನರ ಮೇಲೆ ಬಿಡಬೇಕು. ಇವಳ ಸರದಿ ಬಂದಾಗ ಉಳಿದದ್ದರಲ್ಲಿ ಪೊರಕೆ ಎಳೆದಳು. ನಮ್ಮ ಕಡೆ ಅದಕ್ಕೆ ಹಿಡಿಸೂಡಿ ಅಂತ ಹೇಳುವುದು. ಪೊರಕೆ ಅನ್ನುವ ಶಬ್ದ ಮಗುವಿಗೆ ಗೊತ್ತಿಲ್ಲ, ಚಿತ್ರ ಗೊತ್ತುಂಟು. ಎಳೆದು ಟೀಚರ್ ಚಿತ್ರದ ಮೇಲೆ ಬಿಟ್ಟಳು. ಟೊಂಯ್ ಅಂತ ಶಬ್ದ ಬಂತು. ಕೆಂಪು ಗುಣಿಸು ಚಿಹ್ನೆ. "ತಪ್ಪು! ಮತ್ತೊಮ್ಮೆ ಪ್ರಯತ್ನಿಸಿ." ಡಾಕ್ಟ್ರ ಮೇಲೆ ಬಿಟ್ಟಳು. ಟೊಂಯ್. ರೈತನ ಮೇಲೆ ಬಿಟ್ಟಳು. ಟೊಂಯ್. ಇಡೀ ಕ್ಲಾಸು ನಗಲಿಕ್ಕೆ ಶುರು. ಹಿಂದಿನಿಂದ ಒಬ್ಬ ಹುಡುಗ ಹೇಳಿದನಂತೆ, "ನಿನ್ನ ಅಮ್ಮನಿಗೆ ಕೊಡು, ಸರಿಯಾಗ್ತದೆ."

ನನ್ನ ತಂಗಿ ಪಂಚಾಯತ್‌ನ ಕಸದ ಗಾಡಿಯಲ್ಲಿ ಕೆಲಸ ಮಾಡುವುದು.

ಐದನೇ ಚಿತ್ರ ಕಪ್ಪು ಬಣ್ಣದ ಒಬ್ಬ ಹೆಂಗಸು, ತಲೆಗೆ ಬಟ್ಟೆ ಕಟ್ಟಿಕೊಂಡದ್ದು. ಉಳಿದ ನಾಲ್ವರೂ ಬೆಳ್ಳಗೆ. ರೈತನೂ ಬೆಳ್ಳಗೆ! ಬಿಸಿಲಲ್ಲಿ ಉಳುವ ರೈತ ಅಷ್ಟು ಬೆಳ್ಳಗೆ ಇರುವುದು ನಾನಂತೂ ಈ ಮೂರು ತಾಲೂಕಿನಲ್ಲಿ ನೋಡಲಿಲ್ಲ. ಮಗು ಕೊನೆಗೆ ಹಿಡಿಸೂಡಿಯನ್ನು ಆ ಹೆಂಗಸಿನ ಮೇಲೆ ಬಿಟ್ಟಳು. ಟಿವಿಯಿಂದ ಚಪ್ಪಾಳೆ. ನಕ್ಷತ್ರ ಉದುರಿತು. "ಶಭಾಷ್!"

ಅವಳಿಗೆ ನೋವಾದದ್ದು ತಪ್ಪು ಅಂದದ್ದಕ್ಕಲ್ಲ. ಆ ಶಭಾಷ್‌ಗೆ.

"ನಮ್ಮ ಟೀಚರೇ ಅಲ್ವಾ ತಮ್ಮಲೆ ಬೆಳಿಗ್ಗೆ ಕ್ಲಾಸು ಗುಡಿಸುವುದು?" ಅಂತ ಕೇಳಿದಳು. ಹೌದು. ಆ ಶಾಲೆಯಲ್ಲಿ ಜವಾನರು ಯಾರೂ ಇಲ್ಲ, ಟೀಚರೇ ಬೇಗ ಬಂದು ಗುಡಿಸ್ತಾರೆ. ಮಗು ದಿನಾ ಕಣ್ಣಾರೆ ಕಂಡದ್ದನ್ನು ಬೆರಳಲ್ಲಿ ತೋರಿಸಿತು. ಯಂತ್ರ ಅದಕ್ಕೆ ತಪ್ಪು ಅಂತ ಹೇಳಿತು.

ಇಲ್ಲಿಂದ ಶುರು ನನ್ನ ತಕರಾರು.

ಇಂಥ ಪಾಠಗಳಿಗೆ ಆಫೀಸು ಭಾಷೆಯಲ್ಲಿ "ಸಂವಾದಾತ್ಮಕ ಬಹುಮಾಧ್ಯಮ ಕಲಿಕಾ ಸಾಮಗ್ರಿ" ಅಂತ ಹೆಸರು. ನಾನು ಗುಮಾಸ್ತ, ಇಂಥ ಹೆಸರುಗಳನ್ನು ದಿನಾ ಟೈಪ್ ಮಾಡುವವನು. ಆದರೆ ಸಂವಾದ ಅಂದ್ರೆ ಎಂತ? ನಾನು ಹೇಳ್ತೇನೆ, ನೀವು ಕೇಳ್ತೀರಿ. ನೀವು ಹೇಳ್ತೀರಿ, ನಾನು ಕೇಳ್ತೇನೆ. ಇಲ್ಲಿ ಯಂತ್ರ ಕೇಳ್ತದೆ, ಉತ್ತರವನ್ನೂ ಮೊದಲೇ ಕಿಸೆಯಲ್ಲಿ ಇಟ್ಟುಕೊಂಡಿರ್ತದೆ. ಮಗುವಿಗೆ ಉಳಿದದ್ದು ಆ ಉತ್ತರವನ್ನು ಹುಡುಕುವ ಕೆಲಸ ಮಾತ್ರ. ಹಳೇ ಪುಸ್ತಕದಲ್ಲೂ ಇಂಥ ಚಿತ್ರ ಇತ್ತು, ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಪುಸ್ತಕದ ಚಿತ್ರ ಸುಮ್ಮನೆ ಇರ್ತಿತ್ತು. ಒಳ್ಳೆ ಮಾಸ್ಟ್ರು ಅದನ್ನು ಬಿಟ್ಟು ಮುಂದೆ ಹೋಗ್ತಿದ್ರು, ಇಲ್ಲವೇ "ಗುಡಿಸುವುದು ಎಲ್ಲರ ಕೆಲಸ" ಅಂತ ಒಂದು ಮಾತು ಸೇರಿಸ್ತಿದ್ರು. ಈ ಪರದೆ ಹಾಗಲ್ಲ. ಮಗುವಿನ ಬೆರಳಿನಿಂದಲೇ ಹಿಡಿಸೂಡಿಯನ್ನು ಎಳೆಸಿ, ಅವಳ ಅಮ್ಮನ ಕೈಗೇ ಕೊಡಿಸಿ, ಮೇಲಿಂದ ಚಪ್ಪಾಳೆ ತಟ್ಟುತ್ತದೆ.

ಜಾತಿ ಅಂದ್ರೆ ಇನ್ನೇನು ಮತ್ತೆ? ದೊಡ್ಡದೊಂದು "ಹೊಂದಿಸಿ ಬರೆಯಿರಿ" ಅಲ್ವಾ ಅದು? ಡೋಲು ಇಂಥವನಿಗೆ, ಚರ್ಮ ಇಂಥವನಿಗೆ, ಬುಟ್ಟಿ ಇಂಥವನಿಗೆ, ಎಂಜಲೆಲೆ ಇಂಥವನಿಗೆ. ನಮ್ಮ ಜಿಲ್ಲೆಯ ಕೊರಗರ ಮೇಲೆ ಹೇರಿದ್ದ ಅಜಲು ಪದ್ಧತಿಯನ್ನು ನಿಲ್ಲಿಸಲಿಕ್ಕೆ 2000ದಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯ್ತು. ಇದೆಲ್ಲ ಬರೀ ಕೆಲಸದ ವಿಂಗಡಣೆ ಅಂತ ಸಮರ್ಥನೆ ಮಾಡುವವರಿಗೆ ಬಾಬಾಸಾಹೇಬರು 1936ರಲ್ಲೇ "ಜಾತಿ ವಿನಾಶ"ದಲ್ಲಿ ಉತ್ತರ ಕೊಟ್ಟಾಗಿದೆ. ಈಗ ಅದೇ ಹೊಂದಾಣಿಕೆ ಪರದೆ ಮೇಲೆ ಬಣ್ಣ ಬಣ್ಣವಾಗಿ, ಹಾಡು ಹಾಕಿಕೊಂಡು ಬಂದಿದೆ.

ಶಾಲೆಗೆ ಹೋಗಿ ಕೇಳಿದೆ. ಟೀಚರು ಪಾಪ ಬೇಜಾರು ಮಾಡಿಕೊಂಡರು, "ನಾನು ಅಷ್ಟು ಯೋಚನೆ ಮಾಡಲಿಲ್ಲ ಸರ್" ಅಂದ್ರು. ಎಸ್‌ಡಿಎಂಸಿಯ ಒಬ್ಬರು ಮಾತ್ರ, "ಇದರಲ್ಲೂ ಜಾತಿ ಹುಡುಕ್ತೀರಲ್ಲ ನೀವು" ಅಂದ್ರು. ಹುಡುಕುವುದೇನು, ಅದು ನಲವತ್ತು ಇಂಚಿನ ಟಿವಿಯಲ್ಲಿ ಕಾಣ್ತಾ ಉಂಟು. ಪ್ಯಾಕೇಜ್ ಕೊಟ್ಟವರಿಗೆ ಫೋನ್ ಮಾಡಿದೆ. ಹುಡುಗಿಯೊಬ್ಬಳು ಬಹಳ ಮರ್ಯಾದೆಯಿಂದ ಮಾತಾಡಿದಳು. ಕಂಟೆಂಟ್ ಲಾಕ್ ಆಗಿದೆ ಸರ್, ಶಾಲೆಯವರಿಗೆ ಬದಲಾಯಿಸಲಿಕ್ಕೆ ಆಗುವುದಿಲ್ಲ, ನಿಮ್ಮ ಸಲಹೆಯನ್ನು ಮೇಲಿನವರಿಗೆ ತಿಳಿಸ್ತೇವೆ. ಮೇಲಿನವರು! ಈ ಶಬ್ದ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

ಸರಿ, ಇದನ್ನು ಮಾಡುವುದು ಹೇಗೆ ಅಂತ ನೋಡುವಾ ಅಂತ ಕೂತೆ. ಬಿಎ ಓದಿದವನು, ಆಫೀಸಲ್ಲಿ ನುಡಿ, ಎಕ್ಸೆಲ್ ಬಿಟ್ಟರೆ ಬೇರೆ ಗೊತ್ತಿಲ್ಲದವನು. ಎರಡು ಭಾನುವಾರ ಹೋಯ್ತು. ಮಾಡಲಿಕ್ಕೆ ಬಂತು.

ನಾನು ಬಳಸಿದ್ದು ಎಚ್‌5ಪಿ ಅನ್ನುವ ಸಲಕರಣೆ. ನಾರ್ವೆ ದೇಶದಲ್ಲಿ ಹುಟ್ಟಿದ್ದು. ದುಡ್ಡು ಕೊಟ್ಟು ಬಳಸುವ ಸೇವೆಯೂ ಉಂಟು, ಆದರೆ ಅದರ ಮೂಲ ತಂತ್ರಾಂಶ ಮುಕ್ತ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. 2024ರಲ್ಲಿ ಅದನ್ನು ನಡೆಸುವ ಸಂಸ್ಥೆಯನ್ನು ಕೆನಡಾದ ಒಂದು ಕಂಪನಿ ಕೊಂಡುಕೊಂಡಿತು, ಆದರೆ ಒಮ್ಮೆ ಮುಕ್ತವಾಗಿ ಬಿಟ್ಟ ತಂತ್ರಾಂಶವನ್ನು ಯಾರೂ ವಾಪಸ್ ಕಿತ್ತುಕೊಳ್ಳಲಿಕ್ಕೆ ಆಗುವುದಿಲ್ಲ. ವೀಡಿಯೋದ ನಡುವೆ ನಿಲ್ಲಿಸಿ ಪ್ರಶ್ನೆ ಕೇಳುವುದು, ಚಿತ್ರ ಎಳೆದು ಬಿಡುವುದು, ಬಿಟ್ಟ ಸ್ಥಳ ತುಂಬುವುದು, ಚಿತ್ರದ ಮೇಲೆ ಮುಟ್ಟಿದರೆ ಮಾತು ಕೇಳುವುದು, ಹೀಗೆ ಹತ್ತಾರು ಬಗೆ ಅದರಲ್ಲಿ ಉಂಟು. ಲೂಮಿ ಅನ್ನುವ ಇನ್ನೊಂದು ಉಚಿತ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಂಡರೆ ನೆಟ್ ಇಲ್ಲದೆಯೂ ಇದನ್ನೆಲ್ಲ ತಯಾರಿಸಬಹುದು, ಒಂದೇ ಫೈಲ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿ ಕೊಡಬಹುದು. ಬ್ರೌಸರ್ ಇದ್ದರೆ ಸಾಕು, ತೆರೆದುಕೊಳ್ತದೆ. ಗುಡ್ಡದ ಮೂಲೆಯ ಶಾಲೆಗಳಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ನಮಗೆ ಗೊತ್ತು.

ಈಗ ಮುಖ್ಯ ಮಾತು. ಎಳೆದು ಬಿಡುವ ಪಾಠ ಮಾಡುವಾಗ ಮೊದಲು ಹಿನ್ನೆಲೆ ಚಿತ್ರ ಹಾಕಬೇಕು. ಆಮೇಲೆ ವಸ್ತುಗಳನ್ನು ಇಡಬೇಕು. ಆಮೇಲೆ ಬಿಡುವ ಜಾಗಗಳನ್ನು ಗುರುತು ಮಾಡಬೇಕು. ಕೊನೆಗೆ ಒಂದೊಂದು ಜಾಗವನ್ನೂ ತೆರೆದರೆ ಒಂದು ಪಟ್ಟಿ ಬರ್ತದೆ: ಈ ಜಾಗಕ್ಕೆ ಯಾವ ಯಾವ ವಸ್ತು ಸರಿ? ಪ್ರತಿ ವಸ್ತುವಿನ ಮುಂದೆ ಒಂದು ಚೌಕ. ಟಿಕ್ ಹಾಕಿದರೆ ಸರಿ, ಹಾಕದಿದ್ದರೆ ತಪ್ಪು. ಅಷ್ಟೇ. ಒಂದು ವಸ್ತು ಒಂದೇ ಜಾಗಕ್ಕೆ ಹೋಗಬೇಕು ಅಂತ ಕಾನೂನು ಇಲ್ಲ. ಹಿಡಿಸೂಡಿಯನ್ನು ಡಾಕ್ಟ್ರ ಕೈಗೂ, ಟೀಚರ ಕೈಗೂ, ರೈತನ ಕೈಗೂ ಕೊಡಬಹುದು. ಎಷ್ಟು ಸಲ ಎಳೆದರೂ ಮುಗಿಯದ ಹಾಗೆ ಮಾಡಲಿಕ್ಕೂ ಒಂದು ಟಿಕ್ ಉಂಟು.

ನಾನು ಆ ಚೌಕಗಳನ್ನೇ ನೋಡ್ತಾ ಸುಮಾರು ಹೊತ್ತು ಕೂತಿದ್ದೆ. ಎಲ್ಲೋ ಒಂದು ಎಸಿ ರೂಮಿನಲ್ಲಿ ಯಾರೋ ಒಬ್ಬರು ನಾಲ್ಕು ಚೌಕ ಖಾಲಿ ಬಿಟ್ಟು ಐದನೆಯದಕ್ಕೆ ಮಾತ್ರ ಟಿಕ್ ಹಾಕಿದ್ದಾರೆ. ದ್ವೇಷದಿಂದ ಹಾಕಿದ್ದು ಅಂತ ನಾನು ಹೇಳುವುದಿಲ್ಲ. ಅವರಿಗೆ ಬೇರೆ ನಾಲ್ಕು ಚೌಕ ಇರುವುದು ಕಂಡೇ ಇಲ್ಲ. ಡಿಸಿ ಮನ್ನಾ ಜಾಗದಲ್ಲೂ ಹೀಗೇ ಅಲ್ವಾ ಆಗುವುದು? ದಾಖಲೆಯಲ್ಲಿ ಜಾಗ ನಮ್ಮದು, ಬೇಲಿ ಇನ್ಯಾರದ್ದೋ. ಸಲಕರಣೆ ಮುಕ್ತವಾಗಿ ಎಲ್ಲರದ್ದು, ಟಿಕ್ ಹಾಕುವ ಕೈ ಮಾತ್ರ ನಮ್ಮದಲ್ಲ. ಈಗ ಗೊತ್ತಾಯ್ತಾ ವಿಷಯ ಎರಡೂ ಒಂದೇ ಯಾಕೆ ಅಂತ?

ಕೆಲವರು ಹೇಳ್ತಾರೆ, ಮೊದಲು ನಮ್ಮ ಮಕ್ಕಳಿಗೆ ಮೊಬೈಲು, ನೆಟ್‌ವರ್ಕು ಸಿಗಲಿ, ಆಮೇಲೆ ಪಾಠ ಮಾಡುವ ಮಾತು. ಹೌದು, ಅದನ್ನು ಮರೆತಿಲ್ಲ ನಾನು. 2021ರ ಜೂನ್‌ನಲ್ಲಿ ನಮ್ಮ ಸುಳ್ಯ ತಾಲೂಕಿನ ಒಂದು ಫೋಟೋ ಇಡೀ ದೇಶ ಸುತ್ತಿತು. ಗುತ್ತಿಗಾರು ಕಡೆಯ ಬಳ್ಳಕದಲ್ಲಿ ಸುರಿಯುವ ಮಳೆಗೆ ರಸ್ತೆ ಬದಿ ಕೂತು ಮಗಳು ಮೊಬೈಲಲ್ಲಿ ಪಾಠ ಕೇಳ್ತಾ ಇದ್ದಾಳೆ, ಅಪ್ಪ ಮೇಲಿಂದ ಕೊಡೆ ಹಿಡಿದು ನಿಂತಿದ್ದಾರೆ. ಎಲ್ಲರೂ ಆ ಅಪ್ಪನನ್ನು ಹೊಗಳಿದರು. ನಾನೂ ಹೊಗಳಿದೆ. ಟವರ್ ಯಾಕೆ ಇಲ್ಲ ಅಂತ ಕೇಳಿದವರು ಕಮ್ಮಿ. ಅದೇ ವರ್ಷ ಆಗಸ್ಟಿನಲ್ಲಿ ಜ್ಯಾನ್ ದ್ರೇಜ್, ರೀತಿಕಾ ಖೇರಾ ಮೊದಲಾದವರು 15 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳಲ್ಲಿ ಬಡ ಮನೆಗಳ ಮಕ್ಕಳ ಸಮೀಕ್ಷೆ ಮಾಡಿದರು. ಹಳ್ಳಿಗಳಲ್ಲಿ ಆನ್‌ಲೈನಲ್ಲಿ ನಿಯಮಿತವಾಗಿ ಓದ್ತಾ ಇದ್ದ ಮಕ್ಕಳು ಶೇ. 8. ಅದರಲ್ಲೇ ದಲಿತ, ಆದಿವಾಸಿ ಮಕ್ಕಳು ಬೇರೆ, ಉಳಿದವರು ಬೇರೆ ಅಂತ ಲೆಕ್ಕ ತೆಗೆದರೆ, ನಮ್ಮ ಮಕ್ಕಳು ಶೇ. 4, ಉಳಿದವರು ಶೇ. 15. ಎಲ್ಲರೂ ಬಡವರೇ, ಎಲ್ಲರೂ ಹಳ್ಳಿಯವರೇ, ಆದರೂ ಇಷ್ಟು ಅಂತರ.

ಹಾಗಾಗಿ ಮೊಬೈಲು, ಟವರು ಬೇಕು. ಜಗಳ ಮಾಡಿಯೇ ಕೇಳಬೇಕು. ಆದರೆ ಇದು ಮುಗಿದ ಮೇಲೆ ಅದು ಅಂತ ಕ್ಯೂ ನಿಂತರೆ ನಮ್ಮ ಸರದಿ ಯಾವತ್ತೂ ಬರುವುದಿಲ್ಲ. ಬಾಬಾಸಾಹೇಬರು 1920ರ ಜನವರಿ 31ಕ್ಕೆ "ಮೂಕನಾಯಕ" ತಂದಾಗ ನಮ್ಮ ಜನರಲ್ಲಿ ಎಷ್ಟು ಮಂದಿಗೆ ಓದಲಿಕ್ಕೆ ಬರ್ತಿತ್ತು? ಮೊದಲು ಎಲ್ಲರೂ ಓದಲಿಕ್ಕೆ ಕಲಿಯಲಿ, ಆಮೇಲೆ ಪತ್ರಿಕೆ ಅಂತ ಅವರು ಕಾಯಲಿಲ್ಲ. ಆ ಪತ್ರಿಕೆ ಹೊರಡುವ ವಿಷಯವನ್ನು ಜಾಹೀರಾತು ಹಾಕಲಿಕ್ಕೂ ತಿಲಕರ "ಕೇಸರಿ" ಒಪ್ಪಲಿಲ್ಲ, ದುಡ್ಡು ಕೊಡ್ತೇವೆ ಅಂದರೂ ಒಪ್ಪಲಿಲ್ಲ. ಇನ್ನೊಬ್ಬರ ಪತ್ರಿಕೆಯಲ್ಲಿ ಜಾಗ ಕೇಳ್ತಾ ಕೂರಲಿಕ್ಕೆ ಆಗ್ತದಾ?

ಇನ್ನು ಪುತ್ತೂರಿನ ಮಾತು. ಈ ಊರಿಗೆ ಮಕ್ಕಳ ಪಾಠ ತಯಾರಿಸುವುದು ಹೊಸತಲ್ಲ. ಪರ್ಲಡ್ಕದ ಬಾಲವನದಲ್ಲಿ ಕೂತು ಶಿವರಾಮ ಕಾರಂತರು "ಬಾಲ ಪ್ರಪಂಚ"ದ ಮೂರು ಸಂಪುಟ ತಂದದ್ದು ಅದೇ 1936ರಲ್ಲಿ. ಒಬ್ಬ ಮನುಷ್ಯ ಬರೆದು, ಚಿತ್ರ ಹೊಂದಿಸಿ, ಮಕ್ಕಳಿಗೆ ನಾಟಕ, ಕುಣಿತ ಕಲಿಸಿ ಮಾಡಿದ ಕೆಲಸ ಅದು. ಇವತ್ತು ನಾವು ಬಹುಮಾಧ್ಯಮ ಅಂತ ಹೇಳುವುದನ್ನು ಅವರು ಕರೆಂಟಿಲ್ಲದ ಕಾಲದಲ್ಲಿ ಮಾಡಿದರು. ಗೌರವ ಉಂಟು. ಅದಕ್ಕೆ ಮೂರು ವರ್ಷ ಮೊದಲು, 1933ರಲ್ಲಿ "ಚೋಮನ ದುಡಿ" ಬಂತು. ಬಿಎಯಲ್ಲಿ ಅದನ್ನು ಓದಿ ನಾನು ಅತ್ತವನು. ಆದರೆ ವಯಸ್ಸಾದ ಹಾಗೆ ಒಂದು ಪ್ರಶ್ನೆ ಉಳಿದುಬಿಟ್ಟಿತು. ಚೋಮ ತನ್ನ ಕಥೆಯನ್ನು ತಾನೇ ಹೇಳಿದ್ದರೆ ಹೇಗೆ ಹೇಳ್ತಿದ್ದ? ಕಾರಂತರನ್ನು ಬೈಯಲಿಕ್ಕೆ ಇದನ್ನು ಬರೆಯುತ್ತಿಲ್ಲ, ಕಾರಂತಾಭಿಮಾನಿಗಳು ದಯವಿಟ್ಟು ಕಮೆಂಟಲ್ಲಿ ಬರಬೇಡಿ. ಆಗ ಚೋಮನಿಗೆ ಅಚ್ಚಿನ ಮೊಳೆ ಸಿಗುವ ಹಾಗಿರಲಿಲ್ಲ. ಈಗ ಚೋಮನ ಮರಿಮಗಳಿಗೆ ಸಲಕರಣೆ ಪುಕ್ಕಟೆ ಸಿಗ್ತದೆ, ಅದೂ ಸಿಗ್ತದೆ ಅಂತ ಅವಳಿಗೆ ಯಾರೂ ಹೇಳುವುದಿಲ್ಲ. ನನ್ನ ಸಿಟ್ಟು ಅದಕ್ಕೆ.

ಸರಕಾರ ಏನೂ ಮಾಡಲಿಲ್ಲ ಅಂತಲ್ಲ. 2017ರ ಸೆಪ್ಟೆಂಬರ್ 5ಕ್ಕೆ ದೀಕ್ಷಾ ಬಂತು. ನಮ್ಮ ಪಠ್ಯಪುಸ್ತಕದ ಪಾಠಗಳ ಬದಿಯಲ್ಲಿ ಆ ಕಪ್ಪು ಚೌಕದ ಕ್ಯುಆರ್ ಕೋಡ್ ಇರುವುದು ಅದರದ್ದೇ. ಅದೂ ಮುಕ್ತ ತಂತ್ರಾಂಶದ ಮೇಲೆ ಕಟ್ಟಿದ್ದು, ಎಚ್‌5ಪಿ ಪಾಠಗಳನ್ನು ಅದಕ್ಕೂ ಏರಿಸಬಹುದು. ಅಂದರೆ ಬಾಗಿಲು ಉಂಟು. ಆ ಬಾಗಿಲಿಂದ ಒಳಗೆ ಹೋಗುವ ಪಾಠವನ್ನು ಮಾಡಿದವರು ಯಾರು, ನೋಡಿ ಒಪ್ಪಿಗೆ ಕೊಟ್ಟವರು ಯಾರು, ಅವರಲ್ಲಿ ನಮ್ಮವರು ಎಷ್ಟು ಅಂತ ನಾವು ಯಾವತ್ತಾದರೂ ಕೇಳಿದ್ದೇವಾ? ನೌಕರಿಯಲ್ಲಿ ಮೀಸಲಾತಿ ಲೆಕ್ಕ ಕೇಳ್ತೇವೆ, ಕೇಳಲೇಬೇಕು. ನಮ್ಮ ಮಕ್ಕಳಿಗೆ ಸರಿ ತಪ್ಪು ಹೇಳುವ ಸಮಿತಿಯ ಲೆಕ್ಕ ಕೇಳಲಿಲ್ಲ.

ಇಲ್ಲಿಂದ ದೂರ ಹೋಗುವುದೇ ಬೇಡ. ಜಾಲ್ಸೂರಿನಿಂದ ಬಸ್ ಹತ್ತಿದರೆ ಮುಳ್ಳೇರಿಯಾ, ಕಾಸರಗೋಡು. ಗಡಿ ದಾಟಿದ ಕೂಡಲೇ ಕತೆ ಬೇರೆ. ಕೇರಳದಲ್ಲಿ 2018ರಿಂದ ಹೈಸ್ಕೂಲುಗಳಲ್ಲಿ "ಲಿಟಲ್ ಕೈಟ್ಸ್" ಅಂತ ಮಕ್ಕಳ ಐಟಿ ಕ್ಲಬ್ ಉಂಟು. ಅಲ್ಲಿ ಮಕ್ಕಳೇ ಆನಿಮೇಶನ್ ಮಾಡುವುದು, ಪ್ರೋಗ್ರಾಂ ಬರೆಯುವುದು, ಶಾಲೆಯ ಕಾರ್ಯಕ್ರಮವನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಕಲೀತಾರೆ. ಬಳಸುವುದು ಮುಕ್ತ ತಂತ್ರಾಂಶ. ಅಲ್ಲಿನ ಸರಕಾರಿ ಶಾಲೆಯ ಮಕ್ಕಳು ಮಾಡುವುದನ್ನು ಕಲೀತಾರೆ. ಅರ್ಧ ಗಂಟೆ ಬಸ್ಸಿನ ಈಚೆ ನಮ್ಮ ಮಕ್ಕಳು ಟಿವಿ ಎದುರು ಕೂತು ಬೇರೆಯವರು ಮಾಡಿದ್ದಕ್ಕೆ ಬೆರಳು ಒತ್ತುತ್ತಾರೆ. ಕೇರಳದಲ್ಲಿ ಜಾತಿ ಹೋಗಿದೆ ಅಂತ ನಾನು ಹೇಳ್ತಿಲ್ಲ, ಅಲ್ಲಿನ ನಮ್ಮವರನ್ನು ಕೇಳಿದರೆ ಬೇರೆಯೇ ಹೇಳ್ತಾರೆ. ಆದರೆ ಕೈಗೆ ಸಲಕರಣೆ ಕೊಟ್ಟಿದ್ದಾರೆ, ಅದನ್ನು ಒಪ್ಪಿಕೊಳ್ಳಬೇಕು.

ಕೊಂಡುಕೊಂಡ ಪಾಠದ ಆಯುಸ್ಸು ಎಷ್ಟು ಅಂತಲೂ ನೋಡಿ. ಹಿಂದೆ ಶಾಲೆಗಳಿಗೆ ಸಿಡಿ ಬರ್ತಿತ್ತು, ನೆನಪುಂಟಾ? ಅದರಲ್ಲಿ ಆಟವಾಡುವ ಪಾಠಗಳನ್ನು ಹೆಚ್ಚಾಗಿ ಫ್ಲ್ಯಾಶ್ ಅನ್ನುವ ತಂತ್ರಾಂಶದಲ್ಲಿ ಮಾಡ್ತಿದ್ರು. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಅನ್ನು ನಿಲ್ಲಿಸಿತು. ಬ್ರೌಸರುಗಳು ಅದನ್ನು ತೆಗೆದುಹಾಕಿದವು. ಒಂದೇ ಏಟಿಗೆ ಪ್ರಪಂಚದ ಎಷ್ಟೋ ಪಾಠಗಳು ಸತ್ತುಹೋದವು. ನಮ್ಮ ಶಾಲೆಗಳ ಕಪಾಟಿನಲ್ಲಿ ಆ ಸಿಡಿಗಳು ಈಗ ಅಡಿಕೆ ಅಂಗಳದಲ್ಲಿ ಮಂಗ ಓಡಿಸಲಿಕ್ಕೆ ನೇತುಹಾಕಲು ಮಾತ್ರ ಉಪಯೋಗ. ಮಾಡಲಿಕ್ಕೆ ಕಲಿತವರು ಇದ್ದಿದ್ದರೆ ಹೊಸತರಲ್ಲಿ ಮತ್ತೆ ಮಾಡ್ತಿದ್ರು.

ಭಾಷೆಯ ಸಂಗತಿಯನ್ನು ಬಿಟ್ಟರೆ ಆಗುವುದಿಲ್ಲ. ನಮ್ಮ ಕಾಲೊನಿಗಳ ಮಕ್ಕಳು ಮನೆಯಲ್ಲಿ ತುಳು. ಸುಳ್ಯದ ಕಡೆ ಅರೆಭಾಷೆ ಕಿವಿಗೆ ಬೀಳ್ತದೆ. ರಬ್ಬರ್ ತೋಟಗಳ ಲೈನ್ ಮನೆಗಳಲ್ಲಿ ತಮಿಳು. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದಲ್ಲಿ ಶ್ರೀಲಂಕಾದಿಂದ ಬಂದು ಇಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ತೋಟದಲ್ಲಿ ಟ್ಯಾಪಿಂಗ್ ಮಾಡಿಕೊಂಡು ಬದುಕಿದವರ ಮೊಮ್ಮಕ್ಕಳು ಅವರು. ಅವರಲ್ಲಿ ಬಹಳಷ್ಟು ಜನ ನಮ್ಮ ಹಾಗೆಯೇ ಪರಿಶಿಷ್ಟರು. ಯಾವ ಕಂಪನಿ ಈ ಮಕ್ಕಳಿಗೋಸ್ಕರ ಹಿಡಿಸೂಡಿ ಅಂತ ಬರೀತದೆ? ಬೆಂಗಳೂರಿನ ಪೊರಕೆಯೇ ಬರುವುದು. ಎಚ್‌5ಪಿಯಲ್ಲಿ ನಮ್ಮ ಧ್ವನಿಯನ್ನೇ ಸೇರಿಸಬಹುದು. ಒಂದೇ ಚಿತ್ರ ಮುಟ್ಟಿದರೆ ತುಳುವಿನಲ್ಲಿ ಒಂದು, ಕನ್ನಡದಲ್ಲಿ ಒಂದು, ತಮಿಳಿನಲ್ಲಿ ಒಂದು. ಖರ್ಚು ಒಂದು ಮೊಬೈಲ್ ರೆಕಾರ್ಡಿಂಗ್.

ನಮ್ಮ ಮನೆಗಳಲ್ಲಿ ಪಾಠಕ್ಕೆ ವಸ್ತು ಕಮ್ಮಿಯಾ? ಕಾನದ-ಕಟದರ ಕತೆ ಉಂಟು. ಮುಗೇರರ ಮುದ್ದ, ಕಳಲ, ತನ್ನಿಮಾನಿಗ ಇದ್ದಾರೆ. ಪಾಡ್ದನ ಹೇಳುವ ಅಜ್ಜಿಯಂದಿರು ಇನ್ನೂ ಕೆಲವರು ಉಳಿದಿದ್ದಾರೆ, ಎಷ್ಟು ವರ್ಷವೋ ಗೊತ್ತಿಲ್ಲ. ಯೂನಿವರ್ಸಿಟಿಯವರು ಬಂದು ರೆಕಾರ್ಡ್ ಮಾಡಿಕೊಂಡು ಹೋಗ್ತಾರೆ, ಪಿಎಚ್‌ಡಿ ಆಗ್ತದೆ, ಅಜ್ಜಿಯ ಮೊಮ್ಮಗಳಿಗೆ ಅದು ಸಿಗುವುದಿಲ್ಲ. ಅಜ್ಜಿ ಹಾಡಿದ್ದನ್ನು ಮೊಮ್ಮಗಳೇ ವೀಡಿಯೋ ಮಾಡಿ, ನಡುವೆ ನಿಲ್ಲಿಸಿ, "ಈಗ ತನ್ನಿಮಾನಿಗ ಎಂತ ಮಾಡ್ಬೇಕಿತ್ತು?" ಅಂತ ಪ್ರಶ್ನೆ ಹಾಕಲಿಕ್ಕೆ ಆಗ್ತದೆ. ಅದಕ್ಕೆ ಯಾರ ಸಹಿಯೂ ಬೇಡ.

ನನ್ನ ತಪ್ಪನ್ನೂ ಹೇಳಿಬಿಡ್ತೇನೆ, ಇಲ್ಲದಿದ್ದರೆ ನಾನು ದೊಡ್ಡ ಪಂಡಿತ ಅಂತ ತಿಳ್ಕೊಳ್ತೀರಿ.

ಮೊದಲ ದಿನ ನಾನು ಆಫೀಸಿನ ಅಭ್ಯಾಸದಲ್ಲಿ ಹಳೇ ನುಡಿ ಅಕ್ಷರದಲ್ಲಿ ಟೈಪ್ ಮಾಡಿ ಅಲ್ಲಿಗೆ ಅಂಟಿಸಿದೆ. ಎಲ್ಲಾ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೆರೆ ಕಲಸಿದ ಹಾಗೆ ಬಂತು. ಯುನಿಕೋಡಿನಲ್ಲೇ ಟೈಪ್ ಮಾಡಬೇಕು ಅಂತ ಗೊತ್ತಾಗಲಿಕ್ಕೆ ಒಂದು ಸಂಜೆ ಹೋಯ್ತು. ಆಫೀಸಿನಲ್ಲಿ ಇರುವ ನಮ್ಮ ಹುಡುಗರೇ, ನೀವೂ ಇದನ್ನು ನೆನಪಿಡಿ. ಅದಾದ ಮೇಲೆ ಬಹಳ ಹೆಮ್ಮೆಯಿಂದ "ನಮ್ಮ ಮನೆ" ಅಂತ ಒಂದು ಪಾಠ ಮಾಡಿ ಕಾಲೊನಿಯ ಮಕ್ಕಳಿಗೆ ತೋರಿಸಿದೆ. ಪೇಪರ್ ಎಳೆದು ಅಪ್ಪನಿಗೆ, ಬೀಡಿ ಸೂಪು ಎಳೆದು ಅಮ್ಮನಿಗೆ, ಸೌಟು ಎಳೆದು ಅಮ್ಮನಿಗೆ. ಪಿಯುಸಿ ಓದುವ ಒಬ್ಬಳು ಎದ್ದು ಕೇಳಿದಳು, "ಅಣ್ಣಾ, ನಮ್ಮಮ್ಮ ದಿನಾ ಪೇಪರ್ ಓದ್ತಾರೆ, ನಿಮ್ಮದು ತಪ್ಪು ಅಂತ ಹೇಳ್ತದಲ್ಲ?"

ಮುಖ ಎಲ್ಲಿ ಇಡುವುದು ಅಂತ ಆಯ್ತು. ಮೂರು ವಾರದಿಂದ ಆ ಕಂಪನಿಯನ್ನು ಬೈದುಕೊಂಡು ತಿರುಗಿದವನು ನಾನೇ ಒಂದೇ ಚೌಕಕ್ಕೆ ಟಿಕ್ ಹಾಕಿದ್ದೆ. ಎಸಿ ರೂಮಿನವರಿಗೆ ಜಾತಿ ಕಾಣಲಿಲ್ಲ, ನನಗೆ ನನ್ನ ಮನೆಯ ಹೆಂಗಸರು ಕಾಣಲಿಲ್ಲ. ಅದಕ್ಕೇ ಹೇಳುವುದು, ನನ್ನಂಥ ಒಬ್ಬ ಗುಮಾಸ್ತ ಕೂತು ಮಾಡಿದರೂ ಸಾಲದು. ಮಾಡುವಾಗ ಎದುರಿಗೆ ಜಗಳ ಮಾಡುವವರು ಇರಬೇಕು, ಅದರಲ್ಲೂ ಹುಡುಗಿಯರು ಇರಬೇಕು.

ಈಗ ದುಡ್ಡಿನ ಮಾತು. 2013ರ ಉಪಹಂಚಿಕೆ ಕಾಯ್ದೆ ನಮಗೆ ಹೋರಾಟದಿಂದ ಸಿಕ್ಕಿದ್ದು. ಸಾಮಾನ್ಯ ಕಾಮಗಾರಿಯನ್ನೂ ನಮ್ಮ ಲೆಕ್ಕಕ್ಕೆ ಬರೆಯಲಿಕ್ಕೆ ದಾರಿ ಮಾಡಿಕೊಟ್ಟಿದ್ದ 7ಡಿ ಕಲಮನ್ನು ಕಿತ್ತು ಹಾಕಲಿಕ್ಕೆ 2023ರವರೆಗೆ ಕಾಯಬೇಕಾಯ್ತು. ಪಂಚಾಯತ್‌ನಲ್ಲಿ ಶೇ. 25ರ ನಿಧಿ ಅಂತ ನಾವು ಹೇಳುವುದುಂಟಲ್ಲ, ಅದೂ ಉಂಟು. ಈ ಹಣದಲ್ಲಿ ಏನು ಕೇಳ್ತೇವೆ ನಾವು? ಇಂಟರ್‌ಲಾಕು, ಪೈಪು, ಸೋಲಾರ್ ದೀಪ, ಕಾಲೊನಿ ದ್ವಾರಕ್ಕೆ ಕಮಾನು. ಬೇಡ ಅಂತಲ್ಲ. ಕಂಪ್ಯೂಟರ್ ಅಂತ ಕೇಳಿದರೂ ಡಬ್ಬ ಕೇಳ್ತೇವೆ, ಡಬ್ಬದೊಳಗೆ ಹಾಕುವುದನ್ನು ಮಾಡಲಿಕ್ಕೆ ತರಬೇತಿ ಕೇಳುವುದಿಲ್ಲ. ಪಂಚಾಯತ್ ಲೈಬ್ರರಿಗಳು ಈಗ ಅರಿವು ಕೇಂದ್ರ ಆಗಿವೆ, ಸುಮಾರು ಕಡೆ ಕಂಪ್ಯೂಟರ್ ಕೂತಿದೆ. ಅದರಲ್ಲಿ ಲೂಮಿ ಹಾಕಲಿಕ್ಕೆ ಟೆಂಡರ್ ಬೇಕಾ? ಒಂದು ಪಂಚಾಯತ್‌ಗೆ ಇಬ್ಬರು ಓದಿದ ಹುಡುಗಿಯರಿಗೆ ಒ೦ದು ತಿಂಗಳ ಗೌರವಧನ ಕೊಟ್ಟು ಕಲಿಸಲಿಕ್ಕೆ ಎಷ್ಟು ಬೇಕು? ನಮ್ಮಲ್ಲಿ ಡಿಗ್ರಿ ಮಾಡಿ ಅಡಿಕೆ ಸುಲಿಯಲಿಕ್ಕೆ ಹೋಗುವ ಹುಡುಗಿಯರು ಎಷ್ಟು ಮಂದಿ ಬೇಕು ನಿಮಗೆ, ನಾನು ಪಟ್ಟಿ ಕೊಡ್ತೇನೆ.

ನಮ್ಮ ಮುಖಂಡರಿಗೂ ಒಂದು ಮಾತು. ಏಪ್ರಿಲ್ 14ಕ್ಕೆ ಫ್ಲೆಕ್ಸಿಗೆ ಎಷ್ಟು ಹೋಗ್ತದೆ, ಡಿಜೆಗೆ ಎಷ್ಟು ಹೋಗ್ತದೆ ಅಂತ ನನಗೂ ಗೊತ್ತುಂಟು, ನಾನೂ ರಶೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ತಿರುಗಿದವನೇ. ಫ್ಲೆಕ್ಸಿನಲ್ಲಿ ಬಾಬಾಸಾಹೇಬರು ಸಣ್ಣ, ನಮ್ಮ ಮುಖ ದೊಡ್ಡ. ಮೇ ತಿಂಗಳ ಮೊದಲ ಮಳೆಗೆ ಅದು ಹರಿದು ಕೊಟ್ಟಿಗೆಗೆ ಮುಚ್ಚಿಗೆ ಆಗ್ತದೆ. ಆ ದುಡ್ಡಲ್ಲಿ ಎರಡು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಬರ್ತದೆ. ಸಿಟ್ಟು ಬಂದರೆ ಬರಲಿ.

ಕಂಪನಿಯವರ ಮೇಲೆ ಕೇಸು ಹಾಕಿ ಅಂತ ಒಬ್ಬರು ಸಲಹೆ ಕೊಟ್ಟರು. ನಾನು ಇಲಾಖೆಗೆ ಅರ್ಜಿ ಕೊಟ್ಟಿದ್ದೇನೆ, ಸ್ವೀಕೃತಿ ಸಿಕ್ಕಿದೆ, ಉತ್ತರ ಬಂದಿಲ್ಲ. ಬರುವವರೆಗೆ ಬಿಡುವುದೂ ಇಲ್ಲ. ಶಾಲೆಗೆ ಬರುವ ಪ್ರತಿ ಡಿಜಿಟಲ್ ಪಾಠವನ್ನು ಹಾಕುವ ಮೊದಲು ಎಸ್‌ಡಿಎಂಸಿಯಲ್ಲಿ ತೋರಿಸಬೇಕು, ಲಾಕ್ ಇರುವ ಪ್ಯಾಕೇಜನ್ನು ದಾನವಾಗಿ ಕೊಟ್ಟರೂ ತೆಗೆದುಕೊಳ್ಳಬಾರದು, ಬದಲಾಯಿಸಲಿಕ್ಕೆ ಬರುವುದನ್ನೇ ತೆಗೆದುಕೊಳ್ಳಬೇಕು. ಇಷ್ಟೇ ಅರ್ಜಿಯಲ್ಲಿ ಬರೆದದ್ದು. ನಿಮ್ಮ ಶಾಲೆಯ ಎಸ್‌ಡಿಎಂಸಿಯಲ್ಲಿ ನೀವಿದ್ದರೆ ನೀವೂ ಕೊಡಿ. ಒಕ್ಕಣೆ ಬೇಕಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ, ಟೈಪ್ ಮಾಡಿದ್ದು ಉಂಟು.

ಕಳೆದ ಭಾನುವಾರ ನಮ್ಮ ಕಾಲೊನಿಯ ಅಂಬೇಡ್ಕರ್ ಭವನದಲ್ಲಿ ಹನ್ನೊಂದು ಮಕ್ಕಳು, ಒಂದು ಲ್ಯಾಪ್‌ಟಾಪ್. ಕರೆಂಟು ಎರಡು ಸಲ ಹೋಯ್ತು. ತಂಗಿಯ ಮಗಳು ತನ್ನದೇ "ನಮ್ಮ ಸಹಾಯಕರು" ಮಾಡಿದಳು. ಚಿತ್ರ ಅವಳೇ ಬರೆದದ್ದು, ನಾನು ಮೊಬೈಲಲ್ಲಿ ಫೋಟೋ ತೆಗೆದು ಹಾಕಿಕೊಟ್ಟೆ. ಅವಳ ಟೀಚರು ಇದ್ದಾರೆ, ಅಮ್ಮ ಇದ್ದಾಳೆ ಕಸದ ಗಾಡಿಯ ಎದುರು ಸೀಟಿನಲ್ಲಿ ಕೂತುಕೊಂಡು, ಡಾಕ್ಟ್ರು, ಬಸ್ಸಿನ ಕಂಡಕ್ಟರು, ಮತ್ತೆ ನಾನು. ನನ್ನ ಹೊಟ್ಟೆ ಸ್ವಲ್ಪ ದೊಡ್ಡದೇ ಬರೆದಿದ್ದಾಳೆ. ವಸ್ತುಗಳಲ್ಲಿ ಪೆನ್ನು, ಚಾಕ್‌ಪೀಸು, ಸೌಟು, ಪೇಪರು, ಹಿಡಿಸೂಡಿ. ಎಲ್ಲಾ ಚೌಕಕ್ಕೂ ಟಿಕ್ ಹಾಕಿದಳು, ಯಾರಿಗೆ ಯಾವುದು ಕೊಟ್ಟರೂ ಸರಿ.

ಆಮೇಲೆ ಒಂದು ಬೆತ್ತ ಬರೆದಳು. ಅದಕ್ಕೆ ಯಾರ ಎದುರೂ ಟಿಕ್ ಇಲ್ಲ. ತಪ್ಪಾದಾಗ ಬರುವ ಮಾತು ಎಂತ ಬರೆಯಬೇಕು ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದಳು. ಈಗ ಬೆತ್ತವನ್ನು ಯಾರ ಕೈಗೆ ಎಳೆದು ಬಿಟ್ಟರೂ ಪರದೆ ಮೇಲೆ ಬರ್ತದೆ, "ಅದು ಬೇಡ, ಅಲ್ಲೇ ಇಡಿ."

ಬರುವ ಭಾನುವಾರ ಮಧ್ಯಾಹ್ನ ಮೂರಕ್ಕೆ ಪುನಃ ಕೂರ್ತೇವೆ. ಲ್ಯಾಪ್‌ಟಾಪ್ ಇರುವವರು ತನ್ನಿ. ಚಾರ್ಜರ್ ಮರೆಯಬೇಡಿ.